ವಾಹನವೂ ಪರಿಗ್ರಹ ಪರಿಮಾಣವೂ

ಪರಿಗ್ರಹ ಪರಿಮಾಣ ವ್ರತವುಳ್ಳ ಶ್ರಾವಕನು ಕಾರು ಕೊಳ್ಳಹೊರಟಾಗ, ಅಗ್ಗದ ಸೆಡಾನೋ ಬೆಲೆಬಾಳುವುದೋ ಎಂಬ ಪ್ರಶ್ನೆ ಏಳುತ್ತದೆ. ಹೆಚ್ಚಿನ ಬೆಲೆಗೆ ಸಾಮಾನ್ಯವಾಗಿ ಹೇಳುವ ಕಾರಣ ಕುಟುಂಬದ ಸುರಕ್ಷತೆ. ಹಿಂದೆ ಇದರಲ್ಲಿ ಸತ್ಯವಿತ್ತು. ಆದರೆ 4 ಮೀಟರಿಗೂ ಕಡಿಮೆ ಉದ್ದದ ಮಾರುತಿ ಡಿಜೈರ್ 2024ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ವಯಸ್ಕರ ರಕ್ಷಣೆಗೆ 5 ನಕ್ಷತ್ರಗಳನ್ನು ಪಡೆಯಿತು. ಅದರ ಅತಿ ಅಗ್ಗದ ಮಾದರಿಗೂ 6 ಏರ್‌ಬ್ಯಾಗುಗಳುಂಟು. ಮಿಕ್ಕ ಹಣಕ್ಕೆ ದೊರೆಯುವುದು ಬಹುಮಟ್ಟಿಗೆ ವಿಶಾಲ ಆಸನ, ನಿಶ್ಶಬ್ದ ಪ್ರಯಾಣ, ನೆರೆಯವರ ನೋಟ. (ಆಸನಕ್ಕೆ ಚರ್ಮದ ಹೊದಿಕೆಯಿದ್ದರಂತೂ ಅಹಿಂಸಾಣುವ್ರತಿಗೆ ಅದು ವರ್ಜ್ಯವೇ.)

ಹಾಗೆಂದು ಅಗ್ಗದ ಕಾರು ಕೊಂಡವನು ಅಪರಿಗ್ರಹಿಯಾಗಲಿಲ್ಲ. ಉಮಾಸ್ವಾಮಿಗಳು ಪರಿಗ್ರಹವೆಂದರೆ ಮೂರ್ಛೆ ಎಂದರೇ ಹೊರತು ವಸ್ತುವಿನ ಬೆಲೆಯೆನ್ನಲಿಲ್ಲ. ನೆರೆಮನೆಯ ದೊಡ್ಡ ಕಾರನ್ನು ಕಂಡು ದಿನವೂ ಕೊರಗುವವನಿಗೆ ಮೂರ್ಛೆಯುಂಟು. ವೃದ್ಧ ತಾಯಿಯ ಮಂಡಿನೋವಿಗಾಗಿ ವಿಶಾಲವಾದುದನ್ನು ಕೊಂಡವನಿಗೆ ಅದು ಇಲ್ಲದಿರಬಹುದು. ಆದುದರಿಂದ ಮೊತ್ತದ ಮಿತಿಯನ್ನು ಷೋರೂಮಿಗೆ ಹೋಗುವ ಮುನ್ನವೇ, ಮನೆಯವರೆಲ್ಲ ಕುಳಿತು ನಿಶ್ಚಯಿಸತಕ್ಕದ್ದು. ಸಾಲವೂ ಆ ಮಿತಿಯೊಳಗೇ ಸೇರಬೇಕು.