ಕಲ್ಲಿನ ವಯಸ್ಸು, ಬಸದಿಯ ವಯಸ್ಸು

ಗದಗ, ಶಿರಹಟ್ಟಿ, ಮುಂಡರಗಿ ಸೀಮೆಗಳಲ್ಲಿ ಹಬ್ಬಿರುವ ಕಪ್ಪತಗುಡ್ಡದ ಶಿಲೆಗಳು 250 ಕೋಟಿ ವರ್ಷಗಳಿಗೂ ಹಿಂದಿನವೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಇಂಥ ಲೆಕ್ಕವನ್ನು ಕಟ್ಟುವ ಬಗೆ ವ್ಯವಹಾರಸ್ಥರಿಗೂ ಮನನಯೋಗ್ಯವಾದುದು. ಶಿಲಾದ್ರವ ಆರುವಾಗ ಹುಟ್ಟುವ ಜಿರ್ಕಾನ್ ಹರಳು ಯುರೇನಿಯಮ್ಮನ್ನು ಒಳಗೊಳ್ಳುತ್ತದೆ, ಸೀಸವನ್ನು ಬಹುಮಟ್ಟಿಗೆ ಹೊರಗಿಡುತ್ತದೆ. ಆ ಯುರೇನಿಯಂ ಕ್ರಮೇಣ ಕ್ಷಯಿಸಿ ಸೀಸವಾಗುತ್ತದೆ. ಪರಮಾಣುಭಾರ 238ರದು ಅರ್ಧವಾಗಲು ಸುಮಾರು 447 ಕೋಟಿ ವರ್ಷ. 235ರದಕ್ಕೆ ಸುಮಾರು 70 ಕೋಟಿ. ಎರಡೂ ಖಾತೆ ತಾಳೆಯಾದರೆ ಲೆಕ್ಕ ನಂಬುಗೆಗೆ ಅರ್ಹ. ಆಗದಿದ್ದರೆ ನಡುವೆ ಸೀಸ ಸೋರಿರಬಹುದೆಂಬ ಶಂಕೆ. ಇಷ್ಟಾದರೂ ಅಂಕಿಯ ಪಕ್ಕದಲ್ಲಿ ಹೆಚ್ಚುಕಡಿಮೆಯ ಮಿತಿಯನ್ನು ಬರೆಯದೆ ಅವರು ಬಿಡರು. ಹರಳು ಹಳೆಯ ಬಂಡೆಯಿಂದ ಕೊಚ್ಚಿಬಂದು ಮರಳುಗಲ್ಲಿನಲ್ಲಿ ಸೇರಿದ್ದರೆ, ಅದರ ವಯಸ್ಸು ಮರಳುಗಲ್ಲಿನ ವಯಸ್ಸಲ್ಲ.

ಹಿಂದೆ ಪುಲಿಗೆರೆಯೆನಿಸಿದ್ದ ಲಕ್ಷ್ಮೇಶ್ವರದ ಬಸದಿಗಳಿಗೂ ಇದೇ ನ್ಯಾಯ ಸಲ್ಲುತ್ತದೆ. ಹಳೆಯ ದಾನಪತ್ರಗಳನ್ನು ಬಹುಕಾಲದ ಬಳಿಕ ಒಂದೇ ಕಲ್ಲಿನ ಮೇಲೆ ಪ್ರತಿಮಾಡಿ ಕಡೆಸಿದ ಉದಾಹರಣೆ ಅಲ್ಲಿಯೇ ಉಂಟು. ದಾನದ ಕಾಲ ಒಂದು, ಅಕ್ಷರದ ಕಾಲ ಇನ್ನೊಂದು, ಇಂದು ನಿಂತಿರುವ ಗೋಡೆಯ ಕಾಲ ಮತ್ತೊಂದು. (ಕಲ್ಲಿನದನ್ನಂತೂ ಕೇಳುವುದೇ ಬೇಡ.) ಜೀರ್ಣೋದ್ಧಾರದ ಫಲಕ ಬರೆಯಿಸುವ ವಿಶ್ವಸ್ತರು ಇವುಗಳಲ್ಲಿ ಅತ್ಯಂತ ಹಿಂದಿನದನ್ನೇ ಇಡೀ ಬಸದಿಗೆ ಹಚ್ಚಿದರೆ ಅದು ಭಕ್ತಿಯಿಂದಲೇ ಇದ್ದೀತು. ಆದರೆ ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು ಎಣಿಸಿದ ಆಚಾರ್ಯರು ಭಕ್ತಿಗೆ ವಿನಾಯಿತಿಯನ್ನು ಕೊಟ್ಟಿಲ್ಲ. ‘ಈ ಗೋಡೆಯ ಕಾಲ ನಿಶ್ಚಿತವಾಗಿಲ್ಲ’ ಎಂದು ಕೆತ್ತಿಸಿದರೆ ಶಿಲ್ಪಿಯ ಕೂಲಿಯೇನೂ ಹೆಚ್ಚಾಗದು.