ಇಷ್ಟದ ಸಿನಿಮಾದ ಉದ್ರಿ ಲೆಕ್ಕ

ನಿಮ್ಮ ಇಷ್ಟದ ಸಿನಿಮಾ ಯಾವುದು ಎಂದು ಯಾರಾದರೂ ಕೇಳಿದರೆ ನಾವು ಹೆಚ್ಚು ಯೋಚಿಸದೆ ಉತ್ತರ ಕೊಡುತ್ತೇವೆ. ಊಟದ ರುಚಿಯ ಹಾಗೆ ಇದೂ ಅವರವರಿಗೆ ಬಿಟ್ಟ ವಿಷಯ ಎಂದುಕೊಳ್ಳುತ್ತೇವೆ. ಒಬ್ಬನಿಗೆ ಖಾರ ಇಷ್ಟ, ಇನ್ನೊಬ್ಬನಿಗೆ ಸಿಹಿ ಇಷ್ಟ, ಅದರಲ್ಲಿ ಸರಿ ತಪ್ಪು ಎಲ್ಲಿಂದ ಬಂತು? ಆದರೆ ಒಂದು ಸಿನಿಮಾ ನನಗೆ ಇಷ್ಟ ಎಂದಾಗ ನಾನು ಹೇಳಿದ್ದು ಆ ಸಿನಿಮಾದ ಬಗ್ಗೆಯೋ, ನನ್ನ ಬಗ್ಗೆಯೋ? ಆ ಮಾತು ಆಡಿದ್ದಕ್ಕೆ ನನ್ನ ಮೇಲೆ ಏನಾದರೂ ಹೊಣೆ ಬೀಳುತ್ತದೆಯೇ? ಕೆಲವು ವರ್ಷಗಳಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ.

ನಾನು ಭಾಲ್ಕಿಯವನು. ನಮ್ಮ ಕಡೆಯವರ ಇಷ್ಟದ ಪಟ್ಟಿ ಒಂದೇ ಭಾಷೆಯಲ್ಲಿ ಇರುವುದು ಅಪರೂಪ. ಔರಾದ್ ಕಡೆ ಎಷ್ಟೋ ಮನೆಗಳಲ್ಲಿ ಮರಾಠಿ ಮಾತಾಡುತ್ತಾರೆ. ಬೀದರ್ ಪೇಟೆಯಲ್ಲಿ ದಖನಿ ಉರ್ದು ಕಿವಿಗೆ ಬೀಳುತ್ತಲೇ ಇರುತ್ತದೆ. ಗಡಿಯಾಚೆ ತೆಲುಗು. ಹಾಗಾಗಿ ನನ್ನ ಪಟ್ಟಿಯಲ್ಲಿ ಪುಟ್ಟಣ್ಣ ಕಣಗಾಲರ 'ನಾಗರಹಾವು' ಇದೆ, ನಾಗರಾಜ ಮಂಜುಳೆಯವರ ಮರಾಠಿ ಚಿತ್ರ 'ಸೈರಾಟ್' ಇದೆ, ಟೀವಿಯ 'ಮಾಲ್ಗುಡಿ ಡೇಸ್' ಇದೆ. ಶಂಕರನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ಆ ಧಾರಾವಾಹಿ ನಮ್ಮ ಮನೆಗೆ ಬಂದದ್ದು ದೂರದರ್ಶನದ ಹಿಂದಿಯಲ್ಲಿ. ಇವುಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು 'ಸೈರಾಟ್'. ಅದು ನಮ್ಮ ನೆರೆಯ ಕಥೆ.

2016ರ ಏಪ್ರಿಲ್‌ನಲ್ಲಿ ತೆರೆಗೆ ಬಂದ ಆ ಸಿನಿಮಾ ಸೋಲಾಪುರ ಜಿಲ್ಲೆಯ ಕರಮಾಳಾ ಸೀಮೆಯದು. ಪಾಟೀಲರ ಮಗಳು ಆರ್ಚಿ, ಮೀನು ಹಿಡಿಯುವ ಮನೆತನದ ಹುಡುಗ ಪರ್ಶ್ಯಾ. ಮೊದಲರ್ಧದಲ್ಲಿ ಆರ್ಚಿ ಬುಲೆಟ್ ಓಡಿಸುತ್ತಾಳೆ, ಟ್ರ್ಯಾಕ್ಟರ್ ಓಡಿಸುತ್ತಾಳೆ, ಅಜಯ್-ಅತುಲ್ ಸಂಗೀತಕ್ಕೆ ಊರೇ ಕುಣಿಯುತ್ತದೆ. ಜಾತಿ ಅಡ್ಡ ಬಂದಾಗ ಇಬ್ಬರೂ ಹೈದರಾಬಾದಿಗೆ ಓಡಿಹೋಗುತ್ತಾರೆ. ಅಲ್ಲಿ ಆರ್ಚಿ ದುಡಿಯುತ್ತಾಳೆ, ತೆಲುಗು ಕಲಿಯುತ್ತಾಳೆ. ನಕಾಶೆ ತೆಗೆದು ನೋಡಿ, ಸೋಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ನಮ್ಮ ಜಿಲ್ಲೆಯ ಹುಮನಾಬಾದ್ ಮೇಲೆಯೇ ಹಾಯುತ್ತದೆ. ಅವಳು ಬಿಟ್ಟುಬಂದ ಊರಿನ ಮರಾಠಿಯೂ ಅವಳು ಸೇರಿದ ಊರಿನ ತೆಲುಗೂ ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತು. ಆ ಸಿನಿಮಾ ನೋಡುವಾಗ ನಮಗೆ ನಡುವೆ ದುಭಾಷಿ ಬೇಕಾಗಲಿಲ್ಲ.

ಭಾಲ್ಕಿಯಿಂದ ರೈಲು ಹತ್ತಿ ಉದಗೀರಿಗೆ ಹೋಗಿ ನೋಡಿಬಂದವರಲ್ಲಿ ನಮ್ಮ ಕಾಕಾನೂ ಒಬ್ಬರು. ಕೊನೆಯ ದೃಶ್ಯಕ್ಕೆ ಅವರು ಅತ್ತಿದ್ದರು, ಅದನ್ನು ಮುಚ್ಚಿಟ್ಟವರೂ ಅಲ್ಲ. ಎರಡು ಸಲ ನೋಡಿದರು, ಮನೆಯವರನ್ನೂ ಕರೆದುಕೊಂಡು ಹೋದರು. ಇಂದಿಗೂ ಇಷ್ಟದ ಪಿಚ್ಚರ್ ಯಾವುದೆಂದರೆ ಅದನ್ನೇ ಹೇಳುತ್ತಾರೆ. ಆಮೇಲೆ ಕೆಲವು ವರ್ಷಕ್ಕೆ, ಹೈದರಾಬಾದಿನಲ್ಲಿ ಓದುತ್ತಿದ್ದ ಅವರ ಮಗಳು ಬೇರೆ ಜಾತಿಯ ಹುಡುಗನೊಬ್ಬನ ಹೆಸರು ಹೇಳಿದಳು. ಕಾಕಾ ಕೂಗಾಡಲಿಲ್ಲ, ಕೈ ಎತ್ತಲಿಲ್ಲ. ಆಗೋದಿಲ್ಲ ಅಂದರು, ಅಷ್ಟೇ. ಅವಳು ಕೇಳಿದ್ದೂ ಒಂದೇ ಮಾತು: "ಅಪ್ಪಾ, ಆರ್ಚಿ ಸತ್ತಾಗ ನೀವ್ ಯಾಕ್ ಅತ್ರಿ?"

ಕಾಕಾ ಹೇಳಿದರು: "ಪಿಚ್ಚರ್ ಬ್ಯಾರೆ, ಮನಿ ಬ್ಯಾರೆ. ಎರಡೂ ಕೂಡಸ್‌ಬ್ಯಾಡ."

ಈ ಉತ್ತರವನ್ನು ಬೂಟಾಟಿಕೆ ಎಂದು ತಳ್ಳಿಹಾಕುವುದು ಸುಲಭ. ನನಗೆ ಅದು ಅಷ್ಟು ಹಗುರ ಅನಿಸುವುದಿಲ್ಲ. ಸಿನಿಮಾ ಬೇರೆ, ಬದುಕು ಬೇರೆ ಎಂಬುದು ನಾವೆಲ್ಲರೂ ದಿನವೂ ಬಳಸುವ ನಿಯಮವೇ. ಕೊಲೆಗಾರನ ಕಥೆ ಮೆಚ್ಚಿದವನು ಕೊಲೆಗಾರನಾಗಬೇಕಿಲ್ಲ. 1972ರ 'ನಾಗರಹಾವು' ನನಗೆ ಪ್ರಾಣ. ಹಾಗಂತ ರಾಮಾಚಾರಿಯ ಸಿಟ್ಟನ್ನು ನಾನು ಮನೆಗೆ ತಂದಿಲ್ಲ. ಕಥೆಯೊಳಗೆ ಮನಸ್ಸು ಹೋಗಬಾರದ ಕಡೆಗೆಲ್ಲ ಹೋಗಿಬರಲಿ ಎಂದೇ ಕಥೆ ಇರುವುದು. ನೋಡಿದ ಪ್ರತಿ ಸಿನಿಮಾಕ್ಕೂ ಬದುಕಿನಲ್ಲಿ ತೆರಿಗೆ ಕಟ್ಟಬೇಕು ಎಂದರೆ ಟಾಕೀಸಿಗೆ ಯಾರು ಹೋದಾರು?

ಆದರೂ ಆ ಹುಡುಗಿಯ ಪ್ರಶ್ನೆ ಬೇರೆಯೇ ಇತ್ತು. ಪರ್ಶ್ಯಾನ ಹಾಗೆ ಬದುಕಿ ಎಂದು ಅವಳು ಕೇಳಲಿಲ್ಲ. ಯಾಕೆ ಅತ್ತಿರಿ ಎಂದು ಕೇಳಿದಳು. ಪಾತ್ರವನ್ನು ಅನುಕರಿಸುವುದು ಒಂದು, ಪಾತ್ರಕ್ಕಾಗಿ ಅಳುವುದು ಇನ್ನೊಂದು. ಅಳುವಿನೊಳಗೆ ಒಂದು ತೀರ್ಪು ಇರುತ್ತದೆ. ಹೀಗೆ ಆಗಬಾರದಿತ್ತು, ಈ ಇಬ್ಬರು ಯಾರಿಗೂ ಅನ್ಯಾಯ ಮಾಡಿರಲಿಲ್ಲ ಎಂದು ಮನಸ್ಸು ಒಪ್ಪದೆ ಆ ಕೊನೆಗೆ ಕಣ್ಣೀರು ಬರುವುದಿಲ್ಲ. ಮಗಳು ಮನೆತನಕ್ಕೆ ದ್ರೋಹ ಮಾಡಿದಳು ಎಂದೇ ನಿಜವಾಗಿ ನಂಬಿದವನಿಗೆ ಆ ದೃಶ್ಯ ನ್ಯಾಯದಂತೆ ಕಾಣಬೇಕಿತ್ತು. ಕಾಕಾನಿಗೆ ಹಾಗೆ ಕಾಣಲಿಲ್ಲ. ಅಂದರೆ ಟಾಕೀಸಿನ ಕತ್ತಲಲ್ಲಿ, ಯಾರ ಒತ್ತಾಯವೂ ಇಲ್ಲದೆ, ಅವರು ತಮ್ಮದೇ ಒಂದು ತೀರ್ಪು ಕೊಟ್ಟಿದ್ದರು. ಮಗಳು ಕೇಳಿದ್ದು ಆ ತೀರ್ಪಿನ ಪ್ರತಿಯನ್ನು.

ನಮ್ಮ ಕಡೆ ಕಿರಾಣಿ ಅಂಗಡಿಯಲ್ಲಿ ಉದ್ರಿ ಎಂಬ ಪದ್ಧತಿ ಇದೆ. ಸಾಮಾನು ಇವತ್ತು, ದುಡ್ಡು ಸುಗ್ಗಿಯ ಮೇಲೆ. ಇಷ್ಟದ ಸಿನಿಮಾವೂ ನಮಗೆ ಹೀಗೆ ಉದ್ರಿ ಕೊಡುತ್ತದೆ ಅನಿಸುತ್ತದೆ. ಅಳು, ನಗು, ಎದೆ ತುಂಬಿ ಬರುವ ಸುಖ ಎಲ್ಲವನ್ನೂ ಅದು ಮೊದಲೇ ಕೊಟ್ಟುಬಿಡುತ್ತದೆ. ಟಿಕೆಟ್ಟಿನ ದುಡ್ಡು ಅದರ ಪೂರ್ತಿ ಬೆಲೆ ಏನಲ್ಲ. ಉಳಿದದ್ದು ಖಾತೆಯಲ್ಲಿ ಇರುತ್ತದೆ, ಅದನ್ನು ವಸೂಲಿ ಮಾಡಲು ಯಾರೂ ಬರುವುದಿಲ್ಲ.

'ಝಿಂಗಾಟ್' ಹಾಡನ್ನೇ ನೋಡಿ. ಬೀದರ್‌ನಿಂದ ಔರಾದ್‌ವರೆಗೆ ಮದುವೆ ಮೆರವಣಿಗೆಯಲ್ಲಿ ಡಿಜೆ ಹಾಕಿದರೆ ಆ ಹಾಡು ಬೇಕೇ ಬೇಕು. ನಾನೂ ಕುಣಿದಿದ್ದೇನೆ, ಕಾಲು ತಡೆಯುವುದಿಲ್ಲ. ಅದೇ ಮದುವೆಗೆ ಮೊದಲು ಎರಡೂ ಮನೆಯವರು ಬಯೋಡೇಟಾದಲ್ಲಿ ಜಾತಿ, ಒಳಪಂಗಡ, ಮನೆತನ ಎಲ್ಲವನ್ನೂ ಬೆರಳಿಟ್ಟು ನೋಡಿರುತ್ತಾರೆ. ಮಂಜುಳೆಯವರು ಹಾಡನ್ನು ಮೊದಲರ್ಧದಲ್ಲಿ ಇಟ್ಟರು. ಕೊನೆಗೆ ಸದ್ದನ್ನೇ ತೆಗೆದುಬಿಟ್ಟರು. ತವರಿನವರು ಉಡುಗೊರೆ ಹಿಡಿದು ಬರುತ್ತಾರೆ, ಆರ್ಚಿ ಚಹಾ ಮಾಡುತ್ತಾಳೆ. ಆಮೇಲೆ ಪುಟ್ಟ ಮಗು ರಕ್ತದಲ್ಲಿ ಹೆಜ್ಜೆ ಊರಿ ಹೊರಗೆ ಬರುವಾಗ ಸಂಗೀತವಿಲ್ಲ, ಅಳುವಿನ ಸದ್ದೂ ಇಲ್ಲ. ನಾವು ಸದ್ದಿದ್ದ ಅರ್ಧವನ್ನು ಮದುವೆಗೆ ತಂದೆವು, ಸದ್ದಿಲ್ಲದ ಅರ್ಧವನ್ನು ಟಾಕೀಸಿನಲ್ಲೇ ಬಿಟ್ಟೆವು.

ಇದರಲ್ಲಿ ಸಿನಿಮಾಗಳದ್ದೂ ಪಾಲಿದೆ. 2018ರಲ್ಲಿ ಬಂದ ಹಿಂದಿ ರೂಪ 'ಧಡಕ್' ಕಥೆಯನ್ನು ಉದಯಪುರಕ್ಕೆ ಒಯ್ದಿತು, ಕೊನೆಯಲ್ಲಿ ಹುಡುಗಿಯನ್ನು ಉಳಿಸಿತು. ನನ್ನ ಕಣ್ಣಿಗೆ ಅದರಲ್ಲಿ ಜಾತಿಯ ಗೆರೆ ಮಸುಕಾಗಿದೆ. ಯಾರ ಮೇಲೂ ಬೊಟ್ಟು ಮಾಡದ ದುಃಖವನ್ನು ನೋಡಿ ಅಳುವುದು ಸುಲಭ, ಅಲ್ಲಿ ಉದ್ರಿಯೂ ಬೆಳೆಯುವುದಿಲ್ಲ. ಹಾಗಾದರೆ ನೇರವಾಗಿ ಹೇಳಿದರೆ ಆಯಿತೇ? 2012ರಲ್ಲಿ ಆಮಿರ್ ಖಾನರ 'ಸತ್ಯಮೇವ ಜಯತೇ' ಒಂದು ಕಂತನ್ನು ಪೂರ್ತಿ ಇದೇ ವಿಷಯಕ್ಕೆ ಕೊಟ್ಟಿತ್ತು. ಡಬ್ಬಿಂಗ್ ವಿರೋಧದಿಂದ ಆ ಕಾರ್ಯಕ್ರಮ ಕನ್ನಡ ಟೀವಿಗೆ ಬರಲಿಲ್ಲ, ನಾವು ಹಿಂದಿಯಲ್ಲೇ ನೋಡಿದೆವು. ತಲೆ ಆಡಿಸಿ ಒಪ್ಪಿದೆವು, ಟೀವಿ ಆರಿಸಿ ಊಟಕ್ಕೆ ಕೂತೆವು. ಉಪದೇಶಕ್ಕೆ ತಲೆ ಆಡಿಸುವುದು ನಮಗೆ ಚೆನ್ನಾಗಿ ಅಭ್ಯಾಸವಾಗಿದೆ.

'ನಾಗರಹಾವು' ಈ ವಿಷಯದಲ್ಲಿ ಇನ್ನೂ ಕಠಿಣ. ಅಲ್ಲಿ ಅಡ್ಡ ನಿಲ್ಲುವವರು ಚಾಮಯ್ಯ ಮೇಷ್ಟ್ರು. ಕೆ.ಎಸ್. ಅಶ್ವಥ್ ಅವರ ಆ ಮುಖವನ್ನು ದ್ವೇಷಿಸುವುದು ಯಾರಿಂದಲೂ ಆಗದು. ಶಿಷ್ಯನ ಮೇಲಿನ ಪ್ರೀತಿಯಿಂದಲೇ ಅವನ ಪ್ರೇಮವನ್ನು ತ್ಯಾಗ ಮಾಡಿಸುತ್ತಾರೆ. ಅಲಮೇಲುವಿನ ಬದುಕು ಮುಂದೆ ಏನಾಯಿತು ಎಂದು ಸಿನಿಮಾವೇ ತೋರಿಸುತ್ತದೆ. ಕಾಕಾ ನನಗೆ 'ಸೈರಾಟ್'ನ ಸಹೋದರನಂತೆ ಎಂದೂ ಕಂಡಿಲ್ಲ, ಚಾಮಯ್ಯ ಮೇಷ್ಟ್ರಂತೆ ಕಾಣುತ್ತಾರೆ. ಒಳ್ಳೆಯವರು, ಮಗಳ ಒಳಿತಿಗೇ ಬೇಡ ಅನ್ನುತ್ತಿದ್ದೇನೆ ಎಂದು ನಂಬಿದವರು. ಅಂಥವರ ಮನೆಯಲ್ಲೇ ಈ ಪ್ರಶ್ನೆಗೆ ಬೆಲೆ. ಕೊಲ್ಲುವವರಿಗೆ ಕಾನೂನು ಇದೆ, ಪ್ರೀತಿಯಿಂದ ಆಗೋದಿಲ್ಲ ಅನ್ನುವವರ ಎದುರು ಇರುವುದು ಅವರದೇ ಕಣ್ಣೀರು ಮಾತ್ರ.

ಇಷ್ಟ ಎಂಬ ಪದವನ್ನು ನಮ್ಮ ಸೀಮೆ ಹಗುರವಾಗಿ ಬಳಸಬಾರದು ಅನಿಸುತ್ತದೆ. ಭಾಲ್ಕಿಯ ಪಕ್ಕದ ತಾಲ್ಲೂಕು ಬಸವಕಲ್ಯಾಣ. 12ನೇ ಶತಮಾನದಲ್ಲಿ ಅಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾಯಿತು, ಬಿಜ್ಜಳನ ಆಳ್ವಿಕೆಯಲ್ಲಿ ಇಬ್ಬರು ತಂದೆಯರೂ ಅದಕ್ಕೆ ಪ್ರಾಣ ತೆತ್ತರು ಎಂದು ಪರಂಪರೆ ಹೇಳುತ್ತದೆ. ಗಿರೀಶ ಕಾರ್ನಾಡರು 1990ರಲ್ಲಿ 'ತಲೆದಂಡ' ಬರೆದದ್ದು ಆ ಘಟನೆಯ ಸುತ್ತಲೇ. ಅಲ್ಲಿ ಸತ್ತವರು ಮದುವೆ ಬೇಡ ಅಂದವರಲ್ಲ, ಆಗಲಿ ಅಂದ ಅಪ್ಪಂದಿರು. ಅದೇ ಶರಣರು ದೇವರನ್ನು ಗುಡಿಯಿಂದ ಹೊರಗೆ ತಂದು ಅಂಗೈಗೆ, ಎದೆಗೆ ಕೊಟ್ಟರು, ಅದಕ್ಕೆ ಇಷ್ಟಲಿಂಗ ಎಂದು ಹೆಸರಾಯಿತು. ಇಷ್ಟವಾದದ್ದನ್ನು ದರ್ಶನ ಮಾಡಿ ಗುಡಿಯಲ್ಲೇ ಬಿಟ್ಟು ಬರುವಂತಿಲ್ಲ, ಮೈಮೇಲೆ ಧರಿಸಿಕೊಂಡೇ ಸಂತೆಗೆ, ಹೊಲಕ್ಕೆ, ಬೀಗರ ಮನೆಗೆ ಹೋಗಬೇಕು ಎಂಬ ಅರ್ಥ ನನಗೆ ಅದರಲ್ಲಿ ಕಾಣುತ್ತದೆ.

ಸಿನಿಮಾವನ್ನು ದೇವರ ಜಾಗಕ್ಕೆ ಏರಿಸುವ ಆಸೆ ನನಗಿಲ್ಲ. 'ಝಿಂಗಾಟ್' ನಿಲ್ಲಿಸಿ ಎಂದೂ ಹೇಳುವುದಿಲ್ಲ. ಇಷ್ಟಪಟ್ಟವರೆಲ್ಲ ನಾಳೆಯೇ ಬದಲಾಗಬೇಕು ಎಂದರೆ ಯಾರೂ ಏನನ್ನೂ ಇಷ್ಟಪಡಲು ಹೆದರುತ್ತಾರೆ. ನಾನು ಕೇಳುವುದು ಕಡಿಮೆ. ಅತ್ತದ್ದು ಸುಳ್ಳಲ್ಲ ಎಂದು ಒಪ್ಪಿಕೊಳ್ಳಬೇಕು. ಮನೆಯಲ್ಲಿ ಯಾರಾದರೂ ಯಾಕೆ ಅತ್ತಿರಿ ಎಂದು ಕೇಳಿದಾಗ ಪಿಚ್ಚರ್ ಬೇರೆ ಎಂದು ಖಾತೆ ಹರಿದುಹಾಕದೆ, ಕೂತು ಉತ್ತರ ಕೊಡಬೇಕು. ಉತ್ತರ ಬೇಡ ಎಂದೇ ಆಗಿದ್ದರೂ, ಆ ಕಣ್ಣೀರಿನ ಎದುರು ನಿಂತು ಬೇಡ ಅನ್ನಬೇಕು. ಆಗ ಆ ಮಾತು ಬಾಯಿಂದ ಅಷ್ಟು ಸಲೀಸಾಗಿ ಬರುವುದಿಲ್ಲ.

ಕಾಕಾನ ಮನೆಯಲ್ಲಿ ಮಾತು ಇನ್ನೂ ಮುಗಿದಿಲ್ಲ. ಮಗಳು ಹಬ್ಬಕ್ಕೆ ಬಂದುಹೋಗುತ್ತಾಳೆ, ಬೇರೆ ವರ ನೋಡಲು ಒಪ್ಪಿಲ್ಲ. ಕಾಕಾನೂ ಒತ್ತಾಯ ಮಾಡಿಲ್ಲ. ಟೀವಿಯಲ್ಲಿ 'ಸೈರಾಟ್' ಬಂದರೆ ಅವರು ಈಗಲೂ ನೋಡುತ್ತಾರೆ, ಆದರೆ ಚಹಾದ ದೃಶ್ಯ ಬರುವ ಮೊದಲೇ ಎದ್ದು ಅಂಗಳಕ್ಕೆ ಹೋಗುತ್ತಾರೆ ಎಂದು ಕಾಕು ಹೇಳಿದರು.