ಸಂತೆಯ ಬಾಗಿಲು ಮತ್ತು ಅಚೌರ್ಯಾಣುವ್ರತ

ಭೋಗಭೂಮಿ ಮುಗಿದು ಕರ್ಮಭೂಮಿಯು ಆರಂಭವಾದಾಗ ಆದಿತೀರ್ಥಂಕರರು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಜನರಿಗೆ ಉಪದೇಶಿಸಿದರೆಂಬುದು ಜೈನ ಪರಂಪರೆಯ ನಂಬಿಕೆ. ವಾಣಿಜ್ಯವು ಈ ಆರರಲ್ಲಿ ಒಂದಾಗಿರುವುದರಿಂದ ಅದು ಶ್ರಾವಕನಿಗೆ ನಿಷಿದ್ಧವಲ್ಲ, ಹೀನವೂ ಅಲ್ಲ. ಆದರೆ ಗಳಿಸಿದ ಧನವು ನ್ಯಾಯೋಪಾತ್ತವಾಗಿರಬೇಕು. ತೂಕದಲ್ಲಿ ಮೋಸ, ಅಳತೆಯಲ್ಲಿ ಕಡಿತ, ಪದಾರ್ಥದಲ್ಲಿ ಬೆರಕೆ, ಕಳವಿನ ಮಾಲಿನ ಖರೀದಿ ಇವೆಲ್ಲ ಅಚೌರ್ಯಾಣುವ್ರತದ ಅತಿಚಾರಗಳೆಂದು ನಮ್ಮ ಆಚಾರ್ಯರು ಎಣಿಸಿ ಹೇಳಿದ್ದಾರೆ. ಮಾರುವವನ ಧರ್ಮವೇನು, ಕೊಳ್ಳುವವನ ಧರ್ಮವೇನು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಆದರೆ ಇವರಿಬ್ಬರ ನಡುವೆ ನಿಂತು ಬಾಗಿಲು ಕಾಯುವ ಮೂರನೆಯವನೊಬ್ಬನುಂಟು. ಅವನ ಧರ್ಮವೇನು? ಇಂದಿನ ಕಾಲವು ಈ ಪ್ರಶ್ನೆಯನ್ನು ಹೊಸದಾಗಿ ಕೇಳುತ್ತಿದೆ.

ಹುಣಸೂರು ತಾಲ್ಲೂಕಿನ ಹನಗೋಡಿನಂತಹ ಹೋಬಳಿ ಕೇಂದ್ರದ ಸಂತೆಯನ್ನು ಮನಸ್ಸಿಗೆ ತಂದುಕೊಂಡರೆ ವಿಷಯವು ಸುಲಭವಾಗುತ್ತದೆ. ಲಕ್ಷ್ಮಣತೀರ್ಥದ ಅಣೆಕಟ್ಟಿನ ನೀರಿನಲ್ಲಿ ಬೆಳೆದ ತರಕಾರಿಯನ್ನು ರೈತನು ಸಂತೆಗೆ ತರುತ್ತಾನೆ. ಸುಂಕದವನು ಬಂದು ಗೊತ್ತಾದ ಹಣವನ್ನು ಪಡೆದು ಚೀಟಿ ಹರಿದು ಕೊಡುತ್ತಾನೆ. ನೆಲಕ್ಕೆ, ನೆರಳಿಗೆ, ಗುಡಿಸುವ ಕೆಲಸಕ್ಕೆ ಅದು ಬೆಲೆ. ಅದನ್ನು ಯಾರೂ ಅನ್ಯಾಯವೆನ್ನುವುದಿಲ್ಲ. ಕನ್ನಡ ನಾಡಿನ ಹಳೆಯ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ ಮುಂತಾದ ಸುಂಕಗಳ ಹೆಸರುಗಳು ಬರುತ್ತವೆ. ಅಂತಹ ಸುಂಕದ ಹುಟ್ಟುವಳಿಯನ್ನು ದೇವಾಲಯಗಳಿಗೂ ಬಸದಿಗಳಿಗೂ ದತ್ತಿಯಾಗಿ ಬಿಟ್ಟುದುಂಟು.

ಈಗ ಆ ಸುಂಕದವನು ಹೀಗೆ ಹೇಳಿದನೆಂದು ಭಾವಿಸಬಹುದು: "ಕೊಳ್ಳುವವರು ನಿನ್ನ ಕೈಗೆ ಹಣ ಕೊಡಕೂಡದು, ನನ್ನ ಪೆಟ್ಟಿಗೆಗೇ ಹಾಕಬೇಕು. ನೂರಕ್ಕೆ ಮೂವತ್ತನ್ನು ನಾನು ಇಟ್ಟುಕೊಂಡು ಎಪ್ಪತ್ತನ್ನು ನಿನಗೆ ಕೊಡುತ್ತೇನೆ. ಇದೇ ಕಾಯಿ ನಿನ್ನ ಮನೆಯ ಬಾಗಿಲಲ್ಲಿ ಅಗ್ಗವಾಗಿ ಸಿಗುತ್ತದೆಂದು ಸಂತೆಯೊಳಗೆ ಯಾರಿಗೂ ಹೇಳಕೂಡದು." ಇಂತಹ ಮಾತನ್ನು ಹನಗೋಡಿನ ರೈತನು ಒಂದು ದಿನವೂ ಸಹಿಸಲಾರನು. ಆದರೆ ಮೊಬೈಲಿನೊಳಗಿನ ಸಂತೆಯಲ್ಲಿ ಬಹುಕಾಲ ನಡೆದುಬಂದದ್ದು ಹೆಚ್ಚುಕಡಿಮೆ ಇದೇ.

ಆ್ಯಪಲ್ ಸಂಸ್ಥೆಯು 2008ರ ಜುಲೈನಲ್ಲಿ ತನ್ನ ಆ್ಯಪ್ ಅಂಗಡಿಯನ್ನು ತೆರೆದಾಗಲೇ ಮಾರಾಟದ ಶೇ. 30ರಷ್ಟನ್ನು ತನ್ನ ಪಾಲೆಂದು ಗೊತ್ತುಮಾಡಿತು. ಗೂಗಲ್ ಸಂಸ್ಥೆಯ ಪ್ಲೇ ಸ್ಟೋರ್ ಕೂಡ ಅದೇ ದಾರಿ ಹಿಡಿಯಿತು. ಮುಂದೆ ಸಣ್ಣ ಮಾರಾಟಗಾರರಿಗೆ ಈ ದರವು ಶೇ. 15ಕ್ಕೆ ಇಳಿಯಿತು. ಮೊಬೈಲಿನ ಮೂಲಕ ತರಕಾರಿ, ಬಟ್ಟೆ, ಬಸ್ಸಿನ ಟಿಕೆಟ್ಟು ಕೊಂಡರೆ ಈ ಪಾಲು ಇಲ್ಲ. ಪಾಠ, ಸಂಗೀತ, ಕಥೆ, ಆಟ ಮುಂತಾಗಿ ಮೊಬೈಲಿನೊಳಗೇ ಅನುಭವಿಸುವ ಸರಕಿಗೆ ಮಾತ್ರ ಹಣವು ಅಂಗಡಿಯವನ ಪೆಟ್ಟಿಗೆಯ ಮೂಲಕವೇ ಹಾದುಹೋಗಬೇಕೆಂಬ ಕಟ್ಟಳೆಯಿತ್ತು.

ಇದಕ್ಕೆ ಮೊದಲು ದೊಡ್ಡ ತಡೆ ಒಡ್ಡಿದವುಗಳಲ್ಲಿ ಯುರೋಪ್ ಒಂದು. ಅಲ್ಲಿನ ಒಕ್ಕೂಟವು 2022ರಲ್ಲಿ ಡಿಜಿಟಲ್ ಮಾರುಕಟ್ಟೆಗಳ ಕಾಯಿದೆಯನ್ನು ರಚಿಸಿತು. 2023ರ ಸೆಪ್ಟೆಂಬರಿನಲ್ಲಿ ಆರು ಸಂಸ್ಥೆಗಳನ್ನು ಹೆಸರಿಸಿ ಅವುಗಳನ್ನು "ದ್ವಾರಪಾಲಕರು" ಎಂಬರ್ಥದ ಪದದಿಂದಲೇ ಕರೆಯಿತು. ದ್ವಾರಪಾಲಕನು ತನ್ನ ಹಣಪಾವತಿ ವ್ಯವಸ್ಥೆಯನ್ನೇ ಬಳಸಬೇಕೆಂದು ಮಾರಾಟಗಾರನನ್ನು ಬಲವಂತಪಡಿಸಕೂಡದು, ಹೊರಗಿನ ಅಗ್ಗದ ಬೆಲೆಯನ್ನು ಗ್ರಾಹಕನಿಗೆ ಹೇಳುವುದನ್ನು ತಡೆಯಕೂಡದು ಎಂಬುದು ಆ ಕಾಯಿದೆಯ ವಿಧಿಗಳಲ್ಲಿ ಸೇರಿದೆ. 2024ರ ಮಾರ್ಚ್ 7ರಿಂದ ಇದರ ಪಾಲನೆ ಕಡ್ಡಾಯವಾಯಿತು. ಅಗ್ಗದ ದಾರಿಯನ್ನು ತಿಳಿಸಲು ಬಿಡಲಿಲ್ಲವೆಂಬ ಕಾರಣಕ್ಕೆ 2025ರ ಏಪ್ರಿಲ್‌ನಲ್ಲಿ ಆ್ಯಪಲ್ ಸಂಸ್ಥೆಗೆ 50 ಕೋಟಿ ಯೂರೋ ದಂಡ ಬಿದ್ದಿತು.

ಭಾರತವೂ ಹಿಂದುಳಿಯಲಿಲ್ಲ. ಪ್ಲೇ ಸ್ಟೋರಿನ ಹಣಪಾವತಿ ನೀತಿಗಾಗಿ ಭಾರತೀಯ ಸ್ಪರ್ಧಾ ಆಯೋಗವು 2022ರ ಅಕ್ಟೋಬರಿನಲ್ಲಿ ಗೂಗಲ್ ಸಂಸ್ಥೆಗೆ 936.44 ಕೋಟಿ ರೂಪಾಯಿ ದಂಡ ವಿಧಿಸಿತು. ಮೇಲ್ಮನವಿ ನ್ಯಾಯಮಂಡಳಿಯು 2025ರ ಮಾರ್ಚ್‌ನಲ್ಲಿ ಅದನ್ನು 216.69 ಕೋಟಿಗೆ ಇಳಿಸಿತು. ಇದರ ನಡುವೆ, 2024ರ ಮಾರ್ಚ್ 1ರಂದು, ಶುಲ್ಕದ ತಕರಾರಿನಲ್ಲಿದ್ದ ಕೆಲವು ಭಾರತೀಯ ಸಂಸ್ಥೆಗಳ ಆ್ಯಪ್‌ಗಳನ್ನು ಆ ಅಂಗಡಿಯಿಂದ ತೆಗೆದುಹಾಕಲಾಯಿತು; ಕೇಂದ್ರ ಸರ್ಕಾರವು ನಡುವೆ ಬಂದ ಮೇಲೆ ಅವು ಕೆಲವೇ ದಿನಗಳಲ್ಲಿ ಹಿಂದಿರುಗಿದವು. ಬಾಗಿಲು ಕಾಯುವವನ ಕೈಯಲ್ಲಿ ಎಷ್ಟು ಶಕ್ತಿಯಿದೆಯೆಂಬುದು ಆ ದಿನಗಳಲ್ಲಿ ಎಲ್ಲರಿಗೂ ತಿಳಿಯಿತು.

ಕಾಯಿದೆಯ ಕಥೆ ಇಷ್ಟು. ಧರ್ಮದ ಪ್ರಶ್ನೆ ಇನ್ನೂ ಆಳದಲ್ಲಿದೆ.

ಜೈನಶಾಸ್ತ್ರವು ಚೌರ್ಯವನ್ನು ಅದತ್ತಾದಾನವೆಂದು ಲಕ್ಷಣೀಕರಿಸುತ್ತದೆ. ಕೊಡದೆ ಇದ್ದುದನ್ನು ಪ್ರಮತ್ತಯೋಗದಿಂದ ತೆಗೆದುಕೊಳ್ಳುವುದು ಎಂದು ಅದರ ಅರ್ಥ. ಮಾರಾಟಗಾರನು ಕರಾರಿಗೆ ಸಹಿ ಹಾಕಿದ್ದಾನೆ, ಮೂವತ್ತನ್ನು ಅವನೇ ಒಪ್ಪಿ ಕೊಟ್ಟಿದ್ದಾನೆ. ಆದ್ದರಿಂದ ಅದು ದತ್ತವೇ ಎಂದು ದ್ವಾರಪಾಲಕನು ವಾದಿಸಬಹುದು. ಆದರೆ ಬೇರೆ ಬಾಗಿಲೇ ಇಲ್ಲದವನು ಕೊಟ್ಟದ್ದನ್ನು ಪೂರ್ಣಾರ್ಥದಲ್ಲಿ ಕೊಟ್ಟದ್ದೆನ್ನಬಹುದೇ? ಬರಗಾಲದಲ್ಲಿ ಒಂದೇ ಬಾವಿಯ ಒಡೆಯನು ಕೊಡ ನೀರಿಗೆ ಹೊನ್ನು ಕೇಳಿದರೆ ಬಾಯಾರಿದವನು ಒಪ್ಪಿಯೇ ಕೊಡುತ್ತಾನೆ. ಆ ಒಪ್ಪಿಗೆಯು ಬಾಯಾರಿಕೆಯಿಂದ ಬಂದುದು, ಮನಸ್ಸಿನಿಂದ ಬಂದುದಲ್ಲ.

ಹೀಗೆಂದು ಆ ಸುಂಕವನ್ನು ನೇರವಾಗಿ ಕಳವೆಂದು ಕರೆಯುವುದೂ ಸಲ್ಲದು. ಅನೇಕಾಂತ ದೃಷ್ಟಿಯಿಂದ ದ್ವಾರಪಾಲಕನ ಮಾತನ್ನೂ ಕೇಳಬೇಕು. ಅಂಗಡಿಯನ್ನು ಕಟ್ಟಿದವನು ಅವನು. ಮೋಸದ ಆ್ಯಪ್‌ಗಳನ್ನು ಸೋಸುವುದು, ಕದ್ದ ಕಾರ್ಡಿನಿಂದ ಹಣ ಬಂದರೆ ಅದನ್ನು ಸರಿಪಡಿಸುವುದು, ಬೇಡವಾದ ಸರಕಿನ ಹಣವನ್ನು ಗ್ರಾಹಕನಿಗೆ ಹಿಂದಿರುಗಿಸುವುದು ಇವೆಲ್ಲ ಅವನ ಪಾಲಿನ ಕೆಲಸ. ಒಂದೇ ಬಾಗಿಲೆಂಬುದು ಸ್ವತಃ ಅಧರ್ಮವಲ್ಲ. ಇದಕ್ಕೆ ದೃಷ್ಟಾಂತವು ಹನಗೋಡಿನ ಸುತ್ತಲೇ ಇದೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಸೀಮೆಯ ಹೊಗೆಸೊಪ್ಪಿನ ಬೆಳೆಗಾರನು ತನ್ನ ಸೊಪ್ಪನ್ನು ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗೇ ತರಬೇಕು. 1976ರಲ್ಲಿ ಸ್ಥಾಪನೆಯಾದ ಈ ಮಂಡಳಿಯು ಕರ್ನಾಟಕದಲ್ಲಿ 1984ರಲ್ಲಿ ಹರಾಜು ಪದ್ಧತಿಯನ್ನು ಆರಂಭಿಸಿತು. ವ್ಯಸನಕ್ಕೆ ಕಾರಣವಾಗುವ ಆ ಬೆಳೆಯನ್ನು ಶ್ರಾವಕನು ಮೆಚ್ಚುವಂತಿಲ್ಲ; ಆದರೆ ಇಲ್ಲಿ ವಿಚಾರಿಸುವುದು ಮಾರುಕಟ್ಟೆಯ ರೀತಿಯನ್ನು. ಅಲ್ಲಿ ಬಾಗಿಲು ಒಂದೇ ಆದರೂ ಒಳಗೆ ಕೊಳ್ಳುವವರು ಹಲವರು, ಬೆಲೆಯನ್ನು ಬಹಿರಂಗವಾಗಿ ಕೂಗಲಾಗುತ್ತದೆ. ಬೆಳೆಗಾರನಿಗೆ ಬೆಲೆ ಒಪ್ಪಿಗೆಯಾಗದೆ ಅಲ್ಲಿಯೂ ತಕರಾರುಗಳು ಏಳುವುದುಂಟು. ಆದರೂ ಬೆಳೆಗಾರನನ್ನು ಖಾಸಗಿ ವರ್ತಕನ ಮರ್ಜಿಗೆ ಬಿಡಬಾರದೆಂಬ ಕಾಳಜಿಯೇ ಆ ಬಾಗಿಲಿಗೆ ಮೂಲ.

ಹಾಗಾದರೆ ನ್ಯಾಯದ ಬಾಗಿಲಿಗೂ ಅನ್ಯಾಯದ ಬಾಗಿಲಿಗೂ ಇರುವ ಭೇದವೇನು? ಮೂರು ಪ್ರಶ್ನೆಗಳಿಂದ ಅದನ್ನು ಅರಿಯಬಹುದು. ಬಾಗಿಲು ಕಾಯುವವನು ತಾನೂ ಅದೇ ಸರಕನ್ನು ಮಾರುತ್ತಿದ್ದಾನೆಯೇ? ಅವನು ಪಡೆಯುವ ಸುಂಕಕ್ಕೂ ಮಾಡುವ ಸೇವೆಗೂ ಹೊಂದಿಕೆಯಿದೆಯೇ? ಬೆಲೆಯ ವಿಷಯದಲ್ಲಿ ಮಾರುವವನ ಬಾಯಿ ತೆರೆದಿದೆಯೇ? ಮೊಬೈಲಿನ ಸಂತೆಯು ಮೊದಲ ಪ್ರಶ್ನೆಯಲ್ಲೇ ಎಡವುತ್ತದೆ. ಪರರ ಸಂಗೀತದ ಆ್ಯಪ್‌ನಿಂದ ಪಾಲು ಕೇಳಿದ ಆ್ಯಪಲ್ ಸಂಸ್ಥೆಯು ತಾನೂ ಸಂಗೀತವನ್ನು ಮಾರುತ್ತಿತ್ತು. ಸಂಗೀತದ ಅಗ್ಗದ ದರವನ್ನು ಗ್ರಾಹಕರಿಗೆ ತಿಳಿಸಲು ಬಿಡದಿದ್ದ ಪ್ರಕರಣದಲ್ಲಿಯೇ ಯುರೋಪಿನ ಆಯೋಗವು 2024ರ ಮಾರ್ಚ್‌ನಲ್ಲಿ ಅದಕ್ಕೆ 180 ಕೋಟಿ ಯೂರೋಗೂ ಹೆಚ್ಚಿನ ದಂಡವನ್ನು ಹಾಕಿತ್ತು.

ಎರಡನೆಯ ಪ್ರಶ್ನೆಗೆ ಒಂದು ಸಣ್ಣ ಲೆಕ್ಕ ಸಾಕು. ಹನಗೋಡಿನ ರೈತನ ಮಗನೊಬ್ಬನು ಬೆಂಗಳೂರಿನಲ್ಲಿ ಕುಳಿತು, ಜರ್ಮನಿಯಲ್ಲಿ ನೆಲಸಿರುವ ಕನ್ನಡಿಗರ ಮಕ್ಕಳಿಗೆ ಕನ್ನಡ ಕಲಿಸುವ ಆ್ಯಪ್ ಮಾಡಿದನೆಂದು ಭಾವಿಸಬಹುದು. ತಿಂಗಳ ಚಂದಾ 10 ಯೂರೋ. ತೆರಿಗೆಯ ಮಾತು ಬದಿಗಿರಲಿ. ಶೇ. 15ರ ದರದಲ್ಲಿ ಅಂಗಡಿಯವನಿಗೆ ಒಂದೂವರೆ ಯೂರೋ ಹೋಗುತ್ತದೆ. ಗೂಗಲ್ ಸಂಸ್ಥೆಯು 2022ರ ಜುಲೈನಲ್ಲಿ ಐರೋಪ್ಯ ಆರ್ಥಿಕ ಪ್ರದೇಶದ ಬಳಕೆದಾರರಿಗೆ, ಆಟಗಳನ್ನು ಬಿಟ್ಟು ಉಳಿದ ಆ್ಯಪ್‌ಗಳಲ್ಲಿ, ಬೇರೆ ಹಣಪಾವತಿ ವ್ಯವಸ್ಥೆಯನ್ನು ಇಡಬಹುದೆಂದು ಪ್ರಕಟಿಸಿತು. ಆದರೆ ಆಗ ಶುಲ್ಕದಲ್ಲಿ ಬಿಟ್ಟುಕೊಟ್ಟದ್ದು ನೂರಕ್ಕೆ ಮೂರು ಮಾತ್ರ, ಭಾರತದಲ್ಲಿ ನಾಲ್ಕು. ಅಂದರೆ ಹದಿನೈದಿದ್ದದ್ದು ಯುರೋಪಿನಲ್ಲಿ ಹನ್ನೆರಡಾಯಿತು. ಆ ತರುಣನಿಗೆ 30 ಸೆಂಟ್ ಉಳಿಯಿತು. ಅದರಲ್ಲಿಯೇ ಅವನು ಬ್ಯಾಂಕಿನ ಶುಲ್ಕ, ಕಾರ್ಡಿನ ಭದ್ರತೆ, ಹಣ ಹಿಂದಿರುಗಿಸುವ ಏರ್ಪಾಡು, ಲೆಕ್ಕಪತ್ರ ಎಲ್ಲವನ್ನೂ ನೋಡಿಕೊಳ್ಳಬೇಕು. ಕೊನೆಗೆ ಕೈಯಲ್ಲಿ ಏನೂ ಉಳಿಯದಿದ್ದರೆ ಆಶ್ಚರ್ಯವಿಲ್ಲ. ಈ ದರಗಳು ಮುಂದೆ ಬದಲಾವಣೆಗೆ ಒಳಗಾದರೂ ತತ್ತ್ವದ ಪ್ರಶ್ನೆ ಬದಲಾಗುವುದಿಲ್ಲ. ಬಾಗಿಲು ತೆರೆಯಿತು, ಹೊಸ್ತಿಲನ್ನು ಎತ್ತರಿಸಲಾಯಿತು.

ಎರಡನೆಯ ಬಾಗಿಲಿನ ನಿಜವಾದ ಬೆಲೆ ಇರುವುದು ಇಲ್ಲಿಯೇ. ಅದು ಮೊದಲನೆಯ ಬಾಗಿಲಿನ ಸುಂಕವನ್ನು ಪರೀಕ್ಷಿಸುವ ಒರೆಗಲ್ಲು. ಬೇರೆ ದಾರಿ ನಿಜವಾಗಿಯೂ ಇದ್ದು, ಆದರೂ ಮಾರಾಟಗಾರನು ಹಳೆಯ ಪೆಟ್ಟಿಗೆಯನ್ನೇ ಆರಿಸಿಕೊಂಡರೆ ಅವನು ಕೊಟ್ಟ ಸುಂಕವು ಸಂಪೂರ್ಣವಾಗಿ ದತ್ತ. ದ್ವಾರಪಾಲಕನ ಸಂಪತ್ತೂ ಆಗ ನಿರ್ಮಲವಾಗುತ್ತದೆ. ಆ ದಾರಿಯನ್ನು ಹೆಸರಿಗೆ ಮಾತ್ರ ಬಿಟ್ಟರೆ ಒರೆಗಲ್ಲಿಗೇ ಬಣ್ಣ ಬಳಿದಂತೆ. ಲೆಕ್ಕ ಬಲ್ಲ ವರ್ತಕನು ಸೇವೆಯ ಬೆಲೆಯನ್ನು ಒಂದು ಖಾತೆಯಲ್ಲಿ, ಹಣ ವಸೂಲಿಯ ಬೆಲೆಯನ್ನು ಇನ್ನೊಂದರಲ್ಲಿ, ಲಾಭವನ್ನು ಮತ್ತೊಂದರಲ್ಲಿ ಬರೆಯುತ್ತಾನೆ. ಮೂರನ್ನೂ ಒಂದೇ ಖಾತೆಯಲ್ಲಿ ಕಲಸಿ "ಇದು ನನ್ನ ಪಾಲು" ಎನ್ನುವವನ ಲೆಕ್ಕದಲ್ಲಿ ಎಲ್ಲಿ ಶ್ರಮ ಮುಗಿದು ಎಲ್ಲಿ ಲೋಭ ಆರಂಭವಾಯಿತೆಂಬುದು ಅವನಿಗೇ ತಿಳಿಯದು. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಬಂಧವೂ ಅತಿಭಾರಾರೋಪಣವೂ ಸೇರಿವೆ. ಎತ್ತು, ಆಳುಗಳನ್ನು ಮನಸ್ಸಿನಲ್ಲಿಟ್ಟು ಹೇಳಿದ ಮಾತುಗಳವು. ಆದರೂ ಕಟ್ಟಿಹಾಕಿ ಹೊರೆ ಹೇರುವ ಭಾವವು ಎಲ್ಲಿದ್ದರೂ ಅದು ಆ ವ್ರತಕ್ಕೆ ಕಲೆಯೇ.

ಮಾರಾಟಗಾರನಿಗೂ ಧರ್ಮವುಂಟು. 2020ರ ಆಗಸ್ಟ್‌ನಲ್ಲಿ ಅಮೆರಿಕದ ಎಪಿಕ್ ಎಂಬ ಆಟದ ಸಂಸ್ಥೆಯು ಕರಾರನ್ನು ಮೀರಿ ತನ್ನ ಆಟದೊಳಗೆ ನೇರ ಪಾವತಿಯ ದಾರಿಯನ್ನು ಗುಟ್ಟಾಗಿ ಸೇರಿಸಿತು. ಅಲ್ಲಿನ ನ್ಯಾಯಾಲಯವು 2021ರ ಸೆಪ್ಟೆಂಬರಿನಲ್ಲಿ ತೀರ್ಪು ಕೊಟ್ಟು, ಆ ದಾರಿಯಿಂದ ಬಂದ ಹಣದ ಶೇ. 30ರಷ್ಟನ್ನು ಆ್ಯಪಲ್‌ಗೆ ಕೊಡಬೇಕೆಂದು ವಿಧಿಸಿತು. ಅದೇ ತೀರ್ಪಿನಲ್ಲಿ ಮಾರಾಟಗಾರರ ಬಾಯಿ ಕಟ್ಟುವ ನಿಯಮವನ್ನು ಕೈಬಿಡಬೇಕೆಂದು ಆ್ಯಪಲ್‌ಗೂ ಹೇಳಿತು. ಅನ್ಯಾಯವನ್ನು ಬಹಿರಂಗವಾಗಿ ಪ್ರತಿಭಟಿಸುವುದು ಬೇರೆ, ಒಪ್ಪಿದ ಕಟ್ಟಳೆಯನ್ನು ಮರೆಯಲ್ಲಿ ದಾಟುವುದು ಬೇರೆ. ವಿರುದ್ಧರಾಜ್ಯಾತಿಕ್ರಮವನ್ನು ಅತಿಚಾರವೆಂದ ಆಚಾರ್ಯರ ವಿವೇಕವು ಇಲ್ಲಿ ನೆನಪಿಗೆ ಬರುತ್ತದೆ. ಸುಂಕ ಉಳಿದಾಗ ಅದರ ಒಂದಂಶವನ್ನು ಗ್ರಾಹಕನಿಗೆ ಇಳಿಸಿಕೊಡುವುದು, ಚಂದಾ ನಿಲ್ಲಿಸುವ ದಾರಿಯನ್ನು ಸೇರುವ ದಾರಿಯಷ್ಟೇ ಸುಲಭವಾಗಿಡುವುದು, ಗ್ರಾಹಕನ ಹೆಸರು ವಿಳಾಸಗಳನ್ನು ಮಾರದಿರುವುದು ಇವೂ ಹೊಸ ದಾರಿಯ ಹೊಣೆಗಳು. ಇವನ್ನು ಹೊರಲಾರದವನು ಹಳೆಯ ಬಾಗಿಲಿನಲ್ಲೇ ಇರುವುದು ಲೇಸು.

ಈ ಚರ್ಚೆ ದೂರದ ದೇಶದ ದೊಡ್ಡ ಸಂಸ್ಥೆಗಳದ್ದು ಎಂದು ಶ್ರಾವಕ ಸಮಾಜವು ಸುಮ್ಮನಿರಲಾಗದು. ಬಸದಿಗಳ ವಿಶ್ವಸ್ತ ಮಂಡಳಿಗಳೂ ಒಂದು ಬಗೆಯ ದ್ವಾರಪಾಲಕರೇ. ಚಿಕ್ಕಹನಸೋಗೆಯ ಆದಿನಾಥ ಬಸದಿ, ಸಾಲಿಗ್ರಾಮದ ಬಸದಿಗಳು, ಗೊಮ್ಮಟಗಿರಿಯ ಬಾಹುಬಲಿಯ ಸನ್ನಿಧಿ ಇವು ಈ ಸೀಮೆಯ ಜೈನರಿಗೆ ಪೂಜ್ಯ ಸ್ಥಾನಗಳು. ಇಂತಹ ಯಾವ ಕ್ಷೇತ್ರಕ್ಕೇ ಆಗಲಿ ಬರುವ ಭಕ್ತನಿಗೆ ಬೇರೆ ಬಸದಿ ಇರಬಹುದು, ಆದರೆ ಅವನ ಭಕ್ತಿಗೆ ಆ ಮೂರ್ತಿಯು ಒಂದೇ. ಆದ್ದರಿಂದ ಅಲ್ಲಿನ ಮಂಡಳಿಯ ಕೈಯಲ್ಲಿರುವ ಶಕ್ತಿಯು ಯಾವ ಮೊಬೈಲ್ ಸಂಸ್ಥೆಯ ಶಕ್ತಿಗಿಂತಲೂ ಕಡಿಮೆಯಲ್ಲ. ಪೂಜಾದ್ರವ್ಯವನ್ನು ಗುತ್ತಿಗೆದಾರನ ಅಂಗಡಿಯಲ್ಲೇ ಕೊಳ್ಳಬೇಕು, ಮನೆಯಿಂದ ತಂದದ್ದು ನಡೆಯದು ಎಂಬ ಕಟ್ಟಳೆ ಎಲ್ಲಿಯಾದರೂ ಇದ್ದರೆ ಅದು ಶುದ್ಧಿಗಾಗಿಯೋ ಗುತ್ತಿಗೆಯ ಹಣಕ್ಕಾಗಿಯೋ ಎಂದು ಕೇಳಿಕೊಳ್ಳಬೇಕು. ಮೊಬೈಲಿನಿಂದ ಮಾತ್ರ ಕಾಣಿಕೆ ಸ್ವೀಕರಿಸುವ ಕಡೆ ಸೆರಗಿನ ಗಂಟಿನಲ್ಲಿ ನಾಣ್ಯ ಕಟ್ಟಿ ತಂದ ಅಜ್ಜಿಯು ಬರಿಗೈಯಲ್ಲಿ ನಿಲ್ಲಬಾರದು. ಕಲಶದ ಸವಾಲಿನಲ್ಲಿ ಸಭೆಯ ಮುಂದೆ ಹೆಸರು ಕೂಗಿದಾಗ, ನಾಚಿಕೆಯಿಂದ ತನ್ನ ಶಕ್ತಿ ಮೀರಿ ಹೇಳಿಬಿಟ್ಟ ಗೃಹಸ್ಥನ ಹಣವು ದತ್ತವೋ ಅದತ್ತವೋ ಎಂಬುದನ್ನು ಮಂಡಳಿಯ ಹಿರಿಯರು ಏಕಾಂತದಲ್ಲಿ ಯೋಚಿಸಬೇಕು. ಅಂತಹವನಿಗೆ ಗುಪ್ತದಾನದ ಪೆಟ್ಟಿಗೆಯೇ ಎರಡನೆಯ ಬಾಗಿಲು.

ಯುರೋಪಿನ ದ್ವಾರಪಾಲಕರಿಗೆ ಎರಡನೆಯ ಬಾಗಿಲು ತೆರೆಯಲು ಕಾಯಿದೆ ಬೇಕಾಯಿತು, ದಂಡ ಬೇಕಾಯಿತು. ಅಣುವ್ರತವನ್ನು ಸ್ವೀಕರಿಸಿದ ಶ್ರಾವಕನಿಗೆ ಅವು ಬೇಕಾಗಬಾರದು. ಕೊಡುವವನು ಬೇರೆಡೆಗೆ ಹೋಗಬಲ್ಲನಾಗಿದ್ದೂ ಮನಸ್ಸಿಟ್ಟು ಕೊಟ್ಟದ್ದನ್ನು ಮಾತ್ರ ತನ್ನದೆಂದು ಬರೆದುಕೊಳ್ಳುವ ವರ್ತಕನ ಖಾತೆಯಲ್ಲಿ ಅದತ್ತವೆಂಬ ಬಾಕಿ ಉಳಿಯುವುದಿಲ್ಲ.